ಮಕ್ತುಮಸಾಬರ ನೀಲಿ ಬ್ಯಾರಲ್ಲು

ಹೆಬ್ಬಳ್ಳಿಯಿಂದ ಒಳಗೆ ಸರಿದ ಆ ಸಣ್ಣ ಊರಿನಲ್ಲಿ ಗಾದಿ ಹೊಲಿಯುವ ಮಕ್ತುಮಸಾಬರನ್ನು ಅರಿಯದವರಿಲ್ಲ. ನಲವತ್ತೈದು ವರ್ಷ ನೆಲಕ್ಕೆ ಮಂಡಿಯೂರಿ ಹತ್ತಿ ತುಂಬಿ ತುಂಬಿ ಅವರ ಮೊಳಕಾಲು ಸವೆದಿದ್ದವು. ಆದರೆ ಊರು ಅವರನ್ನು ಕಂಡರೆ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದುದು ಗಾದಿಗಾಗಿ ಅಲ್ಲ. ಮೊಹರಮ್ಮಿನಲ್ಲಿ ಅಲಾಯಿ ದೇವರ ಪಂಜಾ, ಅಂದರೆ ಕೋಲಿಗೆ ಕಟ್ಟಿದ ಲೋಹದ ಹಸ್ತ, ಹೊರುವ ಮುಜಾವರಕಿ ಅವರ ಮನೆತನದ್ದು. ಕಡೆಯ ದಿನ ದೇವರು ಹೊಳೆಗೆ ಹೋಗಬೇಕು. ಆ ಊರಿಗೆ ಹೊಳೆ ಎಲ್ಲಿಂದ ಬರಬೇಕು, ಇರುವುದೊಂದು ಕೆರೆ. ಪಂಜಾ ಹಿಡಿದು ಅವರು ಆ ಕೆರೆಗೆ ಇಳಿಯುತ್ತಿದ್ದರು. ದೇವರ ಮುಂದೆ ಯಾರೂ ನಡೆಯುವಂತಿಲ್ಲ; ಯಾವ ಜಾತಿಯವರೇ ಇರಲಿ, ಇಡೀ ಊರು ಅವರ ಬೆನ್ನ ಹಿಂದೆ.

ಆ ಹೆಮ್ಮೆಯೇ ಮುದುಕರನ್ನು ಕೆಡಿಸಿತು ನೋಡಿ.

ಮೂರು ವರ್ಷದ ಹಿಂದೆ ಮಳೆ ತಡವಾಗಿ, ಕೆರೆಯ ನೀರು ಪಡುವಣ ಮೂಲೆಯ ಜೊಂಡಿನ ಹಿಂದಕ್ಕೆ ಸರಿದಿತ್ತು. ನಡುವೆ ಮೊಳಕಾಲುದ್ದದ ರಾಡಿ. ಅದರ ಹಿಂದಿನ ವರ್ಷ ಅಂಥದೇ ರಾಡಿಯಲ್ಲಿ ಕಾಲು ಸಿಕ್ಕಿ, ಪಂಜಾ ಸಮೇತ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ತಮ್ಮನ ಮಗ ಬಂದೇನವಾಜ ಟ್ರ್ಯಾಕ್ಟರ್ ಮೆಕ್ಯಾನಿಕ್, ಗಟ್ಟಿ ಆಳು. ಅವನ ಕೈಗೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೊಡಲು ಮನಸ್ಸು ಬರಲಿಲ್ಲ. ಒಡ್ಡಿನ ಮೇಲೆ ನಿಂತು ಹಿಂತಿರುಗಿ, "ಕೆರ್ಯಾಗ ನೀರ ಉಳದಿಲ್ಲ" ಎಂದುಬಿಟ್ಟರು. ನೀಲಿ ಬ್ಯಾರಲ್ಲು ತರಿಸಿ, ಬೋರಿನ ನೀರು ತುಂಬಿಸಿ, ಅದರಲ್ಲೇ ದೇವರನ್ನು ತೊಳೆದರು. ದೇವರನ್ನು ದಾಟಿ ಹೋಗಿ ಜೊಂಡಿನಾಚೆ ಇಣುಕುವ ಧೈರ್ಯ ಯಾರಿಗಿತ್ತು? ಎಮ್ಮೆ ಕಾಯುವ ಸತ್ಯವ್ವನಿಗೆ ನೀರಿರುವುದು ಗೊತ್ತಿತ್ತು. ಮುಜಾವರರಿಗೆ ಎದುರಾಡಬಾರದೆಂದು ಬಾಯಿ ಮುಚ್ಚಿಕೊಂಡಳು. ಮುಂದಿನ ವರ್ಷಗಳಲ್ಲೂ ಬ್ಯಾರಲ್ಲೇ ಆಯಿತು.

ಹೋದ ಬೇಸಿಗೆಯಲ್ಲಿ ತಹಶೀಲ್ದಾರ ಕಚೇರಿಯಿಂದ ಒಬ್ಬ ಬಂದು ಒಡ್ಡಿನ ಮೇಲೆ ನಿಂತು ಕೆರೆಯ ಪಂಚನಾಮೆ ಬರೆದ. ರಾಡಿಗೆ ಇಳಿಯುವ ಕಷ್ಟ ಅವನಿಗೇಕೆ? "ಇಲ್ಲಿ ನೀರ ನಿಲ್ಲತೈತೇನು, ಅಜ್ಜಾ?" ಎಂದು ಮಕ್ತುಮಸಾಬರನ್ನೇ ಕೇಳಿದ. ಸುತ್ತ ಊರ ಜನ ನಿಂತಿದ್ದರು. ಮುದುಕರು ಹಳೆಯ ಸುಳ್ಳನ್ನೇ ಮತ್ತೆ ಹೇಳಿ ಸಹಿ ಮಾಡಿದರು.

ಈ ಮೇ ತಿಂಗಳಲ್ಲಿ ಆ ಸಹಿ ತಿರುಗಿ ಅವರ ಅಂಗಡಿಗೇ ಬಂತು. ತಂದವರು ನಿರುಪಮಾ, ಹುಬ್ಬಳ್ಳಿ ದೇಶಪಾಂಡೆ ನಗರದ ಕಾಲೇಜು ಮೇಡಂ. ಭಾನುವಾರಕ್ಕೊಮ್ಮೆ ಕೆರೆಯ ಹಕ್ಕಿ ಎಣಿಸಲು ಬರುವವರು.

"ಕಾಕಾ, ಇದು ನಿಮ್ಮ ಸಹಿ ಹೌದಲ್ರಿ? ಪಡುವಣ ಮೂಲಿ ಹನ್ನೆರಡು ಎಕರೆ ಕೆರಿನೇ ಅಲ್ಲಂತ ಅಲ್ಲಿ ಸೈಟ್ ಮಾಡಿ ಮಾರೋ ಲೇಔಟಿನವರು ಕಚೇರಿಗೆ ಬರದುಕೊಟ್ಟಾರ. ದೇವರಿಗೂ ಅಲ್ಲಿ ನೀರ ಸಿಗಲಿಲ್ಲ ಅನ್ನೋ ನಿಮ್ಮ ಮಾತೇ ಅವರಿಗೆ ಸಾಕ್ಷಿ. ಆ ಮೂಲಿಗೆ ಮಣ್ಣ ಬಿದ್ದರ ಕೆರಿ ಹೋದಂಗೇ. ಸೋಮವಾರ ತಹಶೀಲ್ದಾರ ಸಾಹೇಬರು ನೋಡಲಿಕ್ಕೆ ಬರ್ತಾರ."

ಮಕ್ತುಮಸಾಬರ ಕೈಯಲ್ಲಿದ್ದ ದಬ್ಬಳ ಅಲ್ಲೇ ನಿಂತಿತು.

ಸಂಜೆ ಮೊಳಕಾಲಿಗೆ ಎಣ್ಣೆ ತಿಕ್ಕುತ್ತ ಹೆಂಡತಿ ರಾಜಬಿ ಎಲ್ಲ ಕೇಳಿಸಿಕೊಂಡಳು. "ಕಾಲ ನೋಯತಾವು ಅಂತ ಅವತ್ತ ಹೇಳಿದ್ರ ಯಾರ ನಗತಿದ್ರು?" ಎಂದಳು.

"ಈಗ ಹೇಳಿದ್ರ ದೇವರ ಹೊರೂದು ಹೋಗತೈತಿ."

"ಹೇಳದಿದ್ರ ದೇವರ ಇಳಿಯೂ ಕೆರಿನೇ ಹೋಗತೈತಿ. ಏನ್ ಉಳಿಸಿಕೋತೀರಿ, ನೀವ ನೋಡ್ರಿ."

ಸೋಮವಾರ ಒಡ್ಡಿನ ಮೇಲೆ ಊರೆಲ್ಲ ಸೇರಿತ್ತು. ಮಕ್ತುಮಸಾಬರು ಸಾಹೇಬರ ಮುಂದೆ ಟೋಪಿ ಸರಿಮಾಡಿಕೊಂಡು ನಿಂತರು.

"ಸಾಹೇಬ್ರ, ನೀರಿತ್ತು. ನನ್ನ ಕಾಲಾಗ ಶಕ್ತಿ ಇರಲಿಲ್ಲ. ಪಂಜಾ ಕೈಯಾಗ ಹಿಡಕೊಂಡು ಊರಿಗೆಲ್ಲಾ ಸುಳ್ಳ ಹೇಳಿದೆ. ಇನ್ನ ಮ್ಯಾಲ ದೇವರ ಬಂದೇನವಾಜ ಹೊರಲಿ, ನಾ ಹೊರೂದಿಲ್ಲ."

ಅವರ ತಂದೆ, ಅಜ್ಜ ಹೊತ್ತು ಬಂದ ಮರ್ಯಾದೆ ಒಂದೇ ಉಸಿರಿನಲ್ಲಿ ಕೈಬಿಟ್ಟುಹೋಗಿತ್ತು.

"ಖರೇ ಐತ್ರಿ," ಎಂದಳು ಸತ್ಯವ್ವ. "ನನ್ನ ಎಮ್ಮಿ ದಿನಾ ಅಲ್ಲೇ ಬಿದ್ದಿರತಾವು."

ಲೇಔಟಿನ ಪರವಾಗಿ ಬಂದಿದ್ದವನು ಸುಮ್ಮನಿದ್ದಾನೆಯೆ? "ದೇವರ ಮುಂದನ ಸುಳ್ಳ ಹೇಳಿದಂವಾ, ಸಾಹೇಬ್ರ. ಇವತ್ತ ಖರೇ ಹೇಳತಾನಂತ ಹೆಂಗ ನಂಬೂದು?"

ಸಾಹೇಬರು ಪೆನ್ನು ಎತ್ತಿದವರು ಹಾಗೇ ಕೆಳಗಿಟ್ಟರು.

ಮಕ್ತುಮಸಾಬರು ಪಾಯಜಾಮ ಮೇಲೆ ಕಟ್ಟಿಕೊಂಡು ಒಡ್ಡು ಇಳಿದರು. ಹತ್ತು ಹೆಜ್ಜೆ ನಡೆದರು, ನಿಂತರು, ಮತ್ತೆ ನಡೆದರು. ರಾಡಿ ಕಾಲನ್ನು ಬಿಡುತ್ತಿರಲಿಲ್ಲ. ಜೊಂಡನ್ನು ಎರಡೂ ಕೈಯಿಂದ ಸರಿಸಿ ಆಚೆ ಕಾಲಿಟ್ಟದ್ದೇ ಮೊಳಕಾಲು ಮಡಚಿತು. ದಪ್ಪನೆ ಮುಖ ಕೆಳಗಾಗಿ ಕೆಸರುನೀರಿಗೆ ಬಿದ್ದರು. ಗಡ್ಡ, ಟೋಪಿ, ಅಂಗಿ ಎಲ್ಲ ಕೆಸರು. ಒಡ್ಡಿನ ಮೇಲೆ ಯಾರೋ ನಕ್ಕರು. ಮೂರು ವರ್ಷ ಅವರು ಹೆದರಿದ್ದು ಈ ನಗೆಗೇ.

ಬಂದೇನವಾಜ ಓಡಿಹೋಗಿ ಬಗಲಿಗೆ ಕೈ ಹಾಕಿದ. "ಏಳ್ರಿ, ದೊಡ್ಡಪ್ಪಾ."

"ಎಬ್ಬಸಬ್ಯಾಡೋ." ಮುದುಕರು ಎದೆಮಟ್ಟದ ನೀರಿನಲ್ಲಿ ಕೂತು ಒಡ್ಡಿನ ಕಡೆ ಮುಖ ಮಾಡಿದರು. "ಸಾಹೇಬ್ರ, ನನ್ನ ಮಾತಿನ ಮ್ಯಾಲ ಈ ಸಲ ಏನೂ ಬರೀಬ್ಯಾಡ್ರಿ. ಇಲ್ಲೀತನಕಾ ಬಂದು ನೀವ ಅಳತಿ ಮಾಡ್ರಿ. ಅಲ್ಲೀತನಕಾ ನಾ ಏಳೂದಿಲ್ಲ."

ಸಾಹೇಬರು ಲೇಔಟಿನವನ ಮುಖ ನೋಡಿದರು, ಕೆರೆ ನೋಡಿದರು. ಆಮೇಲೆ ಕಡತವನ್ನು ನಿರುಪಮಾ ಅವರ ಕೈಗೆ ಕೊಟ್ಟು, ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.