ಏರಿಯ ಒಳಗಿನ ಊರು

ಹಾನಗಲ್ಲ, ಹಿರೇಕೆರೂರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಭೂಗೋಳವನ್ನು ಬಾಯಿಪಾಠದಿಂದ ಬಿಡಿಸಿ ಅಂಗಳದ ಮಣ್ಣಿಗೆ ಇಳಿಸಿದವರು ಯಾರೆಂದು ಕೇಳಿದರೆ, ನನ್ನ ವಯಸ್ಸಿನವರು ಹೇಳುವ ಹೆಸರು ಒಂದೇ: ಪೂಜ್ಯ ಕುಬೇರಪ್ಪ ಮಾಸ್ತರರು. ಅವರಿಗೆ ತೊಂಬತ್ತು ತುಂಬುತ್ತಿರುವ ಈ ಸಂದರ್ಭದಲ್ಲಿ ನಾನು ಸಂತೋಷದ ಮಾತನ್ನಷ್ಟೇ ಬರೆಯಬೇಕಿತ್ತು. ಆದರೆ ಈ ಅಭಿನಂದನ ಸಂಪುಟಕ್ಕೆಂದು ಸಿದ್ಧಪಡಿಸಿದ ಜೀವನ ಪರಿಚಯದಲ್ಲಿ ‘೧೯೩೯ರಲ್ಲಿ ಸ್ವಂತ ಇಚ್ಛೆಯಿಂದ ಅಬಲೂರಿಗೆ ವರ್ಗವಾಗಿ ಹೋದರು’ ಎಂಬ ಸಾಲನ್ನು ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಸಂಪಾದಕರು ಒಳ್ಳೆಯವರು, ಕಹಿ ಬೇಡವೆಂದುಕೊಂಡಿರಬೇಕು. ಆದರೆ ಸುಳ್ಳನ್ನು ಹಾರದಂತೆ ಗುರುಗಳ ಕೊರಳಿಗೆ ಹಾಕುವುದು ಯಾವ ಗೌರವ?

ನಾನು ಹಾನಗಲ್ಲಿನಲ್ಲಿ ಅವರ ತರಗತಿಗೆ ಸೇರಿದ್ದು ೧೯೩೭ರಲ್ಲಿ. ತರಗತಿಯಲ್ಲಿ ಹುಡುಗಿಯರು ಮೂವರೇ. ಮಾಸ್ತರರು ಅಂಗಳದಲ್ಲಿ ಕೆರೆಯ ಮಣ್ಣಿನಿಂದ ನಮ್ಮ ಊರನ್ನೇ ಕಟ್ಟಿಸುತ್ತಿದ್ದರು: ಕೋಟೆಯ ಕಂದಕ, ಗುಡಿ, ಕೆರೆ, ಅದರ ಏರಿ, ಏರಿಯ ಕೆಳಗಿನ ಭತ್ತದ ಗದ್ದೆ. ಮಣ್ಣು ಮೆತ್ತಿಕೊಂಡು ಹೋದರೆ ಹುಡುಗಿಯರಿಗೆ ಮನೆಯಲ್ಲಿ ಬೈಗುಳವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಪಾಠ ಮುಗಿದೊಡನೆ ಕೈ ತೊಳೆಯುವ ನೀರು ಮೊದಲು ನಮಗೇ. ಇದನ್ನು ಅವರು ಹೇಳಿ ಮಾಡಿದ್ದಲ್ಲ. ತಾವೇ ಕೊಡವನ್ನು ನಮ್ಮ ಕಡೆಗೆ ಸರಿಸಿ ಇಡುತ್ತಿದ್ದರು.

ಆ ಕಾಲದಲ್ಲಿ ರೇಷ್ಮೆ ಬಟ್ಟೆಯ ಗಂಟು ಹೊತ್ತು ಚೀನಾದ ವ್ಯಾಪಾರಿಯೊಬ್ಬ ಸವಣೂರು, ಶಿಗ್ಗಾಂವಿಗಳನ್ನು ಸುತ್ತಿ ಹಾನಗಲ್ಲಿಗೆ ಬರುತ್ತಿದ್ದ. ಹೆಸರು ಲುವೊ. ಹುಡುಗರು ಬೀದಿಯಲ್ಲಿ ಅವನ ಬೆನ್ನು ಹತ್ತಿ ಅಣಕಿಸುತ್ತಿದ್ದರು. ಅದನ್ನು ಕಂಡ ಮಾಸ್ತರರು ಹುಡುಗರನ್ನು ಬೈಯಲಿಲ್ಲ; ಮರುದಿನ ಅವನನ್ನೇ ತರಗತಿಗೆ ಕರೆತಂದರು, ತಮ್ಮ ಕುರ್ಚಿಯಲ್ಲಿ ಕೂಡಿಸಿದರು, ತಾವು ನಿಂತರು.

“ಇವರ ಊರು ಯೂಕೌ ಅಂತ. ಹಾನ್ ಅನ್ನೋ ಹೊಳಿ ದಂಡಿಮ್ಯಾಗ ಐತಿ. ನಮ್ಮೂರಿನ ಬಾಜೂ ಇವರ ಊರು ಕಟ್ಟೋಣು ಬರ್ರಿ,” ಎಂದರು.

ಲುವೊ ಹರಕು ಹಿಂದುಸ್ತಾನಿಯಲ್ಲಿ, ಕೈಸನ್ನೆಯಲ್ಲಿ ಹೇಳುತ್ತ ಹೋದ. ಹೊಳೆ ಎಳೆದೆವು, ಏರಿ ಹಾಕಿದೆವು, ಏರಿಯಿಂದ ದೂರದ ದಿನ್ನೆಯ ಮೇಲೆ ಮನೆಗಳನ್ನು ಇಟ್ಟೆವು. ಏರಿ ಎಂದರೆ ನೀರನ್ನು ಒಳಗೆ ಹಿಡಿಯುವುದು. ಕೆರೆಯ ನಾಡಿನ ಮಕ್ಕಳಿಗೆ ಬೇರೆ ತಿಳಿಯುವುದು ಹೇಗೆ? ಅವನು ನಕ್ಕುಬಿಟ್ಟ.

“ನಹೀ, ನಹೀ! ಊರು ಅಂದರ್. ಪಾನೀ ಬಾಹರ್!”

“ಅಯ್ಯ, ಅಂದ್ರ ಊರ ಕೆರಿಯೊಳಗ ಕುಂತಂಗ ಆತಲ್ರಿ!” ಎಂದ ನಮ್ಮ ತರಗತಿಯ ಮೈಲಾರಪ್ಪ. ಎಲ್ಲರೂ ನಕ್ಕರು.

ಲುವೊ ಮಾತ್ರ ಆಗ ನಗಲಿಲ್ಲ. ಅವನ ಊರು ಹೊಳೆಗಿಂತ ತಗ್ಗಿನಲ್ಲಿತ್ತು. ಊರ ಸುತ್ತ ಏರಿ. ಪ್ರತಿ ಚಳಿಗಾಲ ಮನೆಗೊಬ್ಬರು ಬಂದು ಅದಕ್ಕೆ ಮಣ್ಣು ಹಾಕಬೇಕು. ಅದೇ ಆ ಊರಿನ ಭೂಗೋಳ, ಅದೇ ಇತಿಹಾಸ. ೧೯೩೧ರ ಮಹಾಪೂರದಲ್ಲಿ ಏರಿ ಒಡೆದು, ಅವನ ಓಣಿ ಹೋಯಿತು, ತಾಯಿಯೂ ಹೋದಳು. ಉಳಿದವನು ಗಂಟು ಹೊತ್ತು ಹೊರಟ. ಮರುದಿನದಿಂದ ಯಾವ ಹುಡುಗನೂ ಅವನನ್ನು ಅಣಕಿಸಲಿಲ್ಲ.

ಶಾಲಾ ಕಮಿಟಿಯ ಅಧ್ಯಕ್ಷರಿಗೆ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ಅವರ ಹೆಸರನ್ನು ಬರೆಯುವುದಿಲ್ಲ, ಮೊಮ್ಮಕ್ಕಳು ಸಜ್ಜನರು. ಅವರು ಶಾಲೆಗೆ ಬಂದು ಅಂಗಳದಲ್ಲೇ ಕೂಗಾಡಿದರು.

“ಏನ್ರಿ ಮಾಸ್ತರ, ತಾಲೂಕಿನ ಭೂಗೋಳ ಮುಗೀತೇನು, ಚೀನಾಕ್ಕ ಹೊಂಟೀರಿ? ಅರಿವಿ ಮಾರಾಂವ್ಗ ಸರಕಾರಿ ಕುರ್ಚಿ ಬ್ಯಾರೆ!”

“ಅರಿವಿ ನೀವೂ ಮಾರ್ತೀರಿ, ಸಾವಕಾರ್ರ. ನೀವು ಬಂದ್ರೂ ಅದ ಕುರ್ಚಿ ಕೊಡ್ತೇನಿ. ಕುಂಡ್ರಿ,” ಎಂದರು ಮಾಸ್ತರರು.

ಅಲ್ಲಿಗೆ ಅವರ ಹಾನಗಲ್ಲಿನ ಋಣ ಮುಗಿಯಿತು. ಮಕ್ಕಳ ಮುಂದೆ ಪರದೇಶಿಯ ಸರಕು ಮಾರಿಸಿದರೆಂದು ದೂರು ಹೋಯಿತು. ಆ ದಿನ ಲುವೊ ಗಂಟನ್ನು ಬಿಚ್ಚಿಯೇ ಇರಲಿಲ್ಲ. ನಾವೆಲ್ಲ ಸಾಕ್ಷಿ, ನಮ್ಮನ್ನು ಕೇಳಿದವರಿಲ್ಲ. ಕಮಿಟಿಯ ಅಪ್ಪಣೆ ಬಂತು: ಅವನನ್ನು ಕರೆದದ್ದು ತಪ್ಪಾಯಿತೆಂದು ಬರೆದುಕೊಡಬೇಕು, ಇಲ್ಲವೇ ಅಬಲೂರಿಗೆ ಹೋಗಬೇಕು. ಮಾಸ್ತರರ ತಾಯಿ ವೀರವ್ವನವರು ಆಗ ಕಣ್ಣಿನ ಔಷಧಕ್ಕೆ ಹಾನಗಲ್ಲಿನ ದವಾಖಾನೆಗೆ ನಡೆಯುತ್ತಿದ್ದರು. ಇದು ಗೊತ್ತಿದ್ದೇ ಕಮಿಟಿಯವರು ದವಾಖಾನೆಯಿಲ್ಲದ ಆ ಊರನ್ನು ಆರಿಸಿದರು ಎಂದು ನಾನು ಇಂದಿಗೂ ನಂಬಿದ್ದೇನೆ.

ಹೆಡ್‌ಮಾಸ್ತರರು ಎಲ್ಲರೆದುರು ಬೇಡಿಕೊಂಡರು: “ಒಂದ ಸಾಲು ಬರದು ಕೊಡ್ರಿ. ಅವ್ವನ ಮಾರಿಯರ ನೋಡ್ರಿ.”

“ಕರದಾಂವ ನಾನು. ಕರದು ಕೂಡಿಸಿದ ಮನಶ್ಯಾನ್ನ ಕರದದ್ದ ತಪ್ಪು ಅಂದ್ರ, ನಮ್ಮವ್ವಾನೇ ನನ್ನನ್ನ ಮನಿಯೊಳಗ ತಗೊಳ್ಳೂದಿಲ್ರಿ,” ಎಂದರು.

ಅಂಗಳದ ಊರನ್ನು ಅಳಿಸಲು ಹೇಳಿದಾಗ, ಅವರು ಅದನ್ನು ತುಳಿಯಗೊಡಲಿಲ್ಲ. ಮಣ್ಣನ್ನು ನಮಗೆಲ್ಲ ಹಂಚಿದರು. ನನಗೆ ಬಂದದ್ದು ಏರಿಯ ಒಂದು ತುಂಡು. ನಮ್ಮ ಅವ್ವ ಅದನ್ನು ನೆನೆಸಿ ಬಿರುಕು ಬಿಟ್ಟ ಒಲೆಗೆ ಮೆತ್ತಿದಳು. ಮುಂದೆ ರೊಟ್ಟಿ ಸೀದಾಗಲೆಲ್ಲ, “ಚೀನಾದ ಒಲಿ, ಇದಕ್ಕ ನಮ್ಮ ಜ್ವಾಳ ತಿಳೀವಲ್ದು,” ಎನ್ನುತ್ತಿದ್ದಳು.

ಅಬಲೂರಿನಲ್ಲಿ ವೀರವ್ವನವರ ಕಣ್ಣು ಪೂರ್ತಿ ಹೋಯಿತು. ಮಾಸ್ತರರು ನಿವೃತ್ತಿಯವರೆಗೆ ಅಲ್ಲೇ ಕಲಿಸಿದರು. ಲುವೊ ಆಮೇಲೆ ಹಾನಗಲ್ಲಿಗೆ ಬರಲಿಲ್ಲ. ಇದಕ್ಕೆ ‘ಸ್ವಂತ ಇಚ್ಛೆ’ ಎಂದು ಹೆಸರು!

ಕಳೆದ ತಿಂಗಳು ಅಬಲೂರಿಗೆ ಹೋಗಿ ಮಾಸ್ತರರಿಗೆ ಈ ಸಾಲಿನ ಸಂಗತಿ ಹೇಳಿದೆ. “ಹೋಗ್ಲಿ ಬಿಡವಾ, ಮುದುಕಿ ಆದಿ, ಇನ್ನೂ ಸಿಟ್ಟು ಹೋಗಿಲ್ಲೇನು? ಅಲ್ಲಿ ನೋಡು, ಏರಿ ಒಂದ ಕಡೆ ಕುಸದೈತಿ,” ಎಂದು ಅಂಗಳ ತೋರಿಸಿದರು. ಅಲ್ಲಿ ಮಣ್ಣಿನ ಯೂಕೌ ಇತ್ತು. ಐವತ್ತು ವರ್ಷಗಳಿಂದ ಪ್ರತಿ ಚಳಿಗಾಲ ಅದರ ಏರಿಗೆ ಅವರು ಮಣ್ಣು ಹಾಕುತ್ತ ಬಂದಿದ್ದಾರೆ. ಈ ವರ್ಷ ಬಗ್ಗಲಾಗುವುದಿಲ್ಲ.

ನಾನು ಸೆರಗು ಸಿಕ್ಕಿಸಿ ಕೂತು ಮಣ್ಣು ಮೆತ್ತಿದೆ. ಎದ್ದು ನೋಡಿದರೆ, ನೀರಿನ ತಂಬಿಗೆ ನನ್ನ ಕಡೆಗೆ ಸರಿದಿತ್ತು.

ಸಂಪಾದಕರೇ, ಆ ಸಾಲನ್ನು ಹೀಗೆ ತಿದ್ದಿ: ‘ಅತಿಥಿಯನ್ನು ಕರೆದದ್ದು ತಪ್ಪೆನ್ನಲು ಒಪ್ಪದ್ದರಿಂದ ಅವರನ್ನು ಅಬಲೂರಿಗೆ ಕಳಿಸಲಾಯಿತು.’ ಗುರುಗಳು ನೂರು ದಾಟಲಿ. ಪ್ರತಿ ಚಳಿಗಾಲ ಮನೆಗೊಬ್ಬರಂತೆ ನಾವು ಹಳೆಯ ವಿದ್ಯಾರ್ಥಿಗಳು ಮಣ್ಣು ಹಾಕಲು ಬರುತ್ತೇವೆ. ಅವರು ಕುರ್ಚಿಯಲ್ಲಿ ಕೂತು ನಮ್ಮ ತಪ್ಪು ಹಿಡಿದರೆ ಸಾಕು.