ಲಾರಿಗೆ ಅರ್ಥಿಂಗ್ ಕೊಟ್ಟ ಚಾಚಾ

ಚಾಚಾನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು, ಅಕ್ಕಿಕಾಳು ಕೂರುವಷ್ಟು. ನಲವತ್ತು ವರ್ಷ ವಾಯರಿನ ಸಿಪ್ಪೆಯನ್ನು ಆ ಒಂದೇ ಹಲ್ಲಿಗೆ ಕೊಟ್ಟು ಎಳೆದದ್ದರಿಂದ ಆದದ್ದು. ಪಕ್ಕಡಿನಲ್ಲಿ, ಅಂದರೆ ಇಕ್ಕಳದಲ್ಲಿ, ತೆಗೆದರೆ ಒಳಗಿನ ತಾಮ್ರದ ಎಳೆ ಕಡಿಯುತ್ತದಂತೆ, ಹಲ್ಲಿನಲ್ಲಿ ತೆಗೆದರೆ ಕಡಿಯುವುದಿಲ್ಲವಂತೆ. ಇಡೀ ಶಹಾಬಾದಿನ ಗಂಡಸರು ಎಲೆ ಅಡಿಕೆ ಜಗಿಯುತ್ತ ಕೂತಿರುವಾಗ ಈ ಒಬ್ಬ ಮನುಷ್ಯ ಬಾಯಿಗೆ ಅಡಿಕೆ ಹಾಕಿದವರಲ್ಲ. ಯಾರಾದರೂ ಕೊಡಲು ಬಂದರೆ, “ಬ್ಯಾಡ್ರಿ, ಔಜಾರ ಹಾಳಾಗ್ತದ” ಎಂದು ಹಲ್ಲು ತೋರಿಸುತ್ತಿದ್ದರು.

ನಮ್ಮ ಓಣಿಯ ವಾಯರ್‌ಮನ್ ಅವರು. ನನ್ನ ಅಪ್ಪ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಮಷೀನು ಹಾಕಿದ ದಿನದಿಂದ ಅದರ ವಾಯರಿಂಗ್ ನೋಡಿದವರು ಅವರೇ. ಅಪ್ಪ ಹೋದ ಮೇಲೆ ಮಷೀನು ನನಗೆ ಬಂತು, ಮಷೀನಿನ ಜೊತೆ ಚಾಚಾ ಕೂಡ ಬಂದರು. ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಬೋರ್ಡು ಮುಟ್ಟುವ ಮೊದಲು ಕೈ ತೊಳೆದು, ಹೆಗಲ ಮೇಲಿನ ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದರು. ಹತ್ತು ಬೆರಳು ಒರೆಸುವಷ್ಟರಲ್ಲಿ ನನ್ನ ತಾಳ್ಮೆ ಮುಗಿದು ಹೋಗುತ್ತಿತ್ತು. ಒಲೆಯ ಮೇಲೆ ಸಾರು ಇಟ್ಟು ಮಿಕ್ಸರ್ ಹಾಕಿರುತ್ತೇನೆ, ಹೇಳದೆ ಕೇಳದೆ ಮೇನ್ ಆಫ್ ಮಾಡಿರುತ್ತಾರೆ. ಯಾಕ್ರೀ ಎಂದರೆ, ಜರಾ ನೋಡಬೇಕಾಗಿತ್ತು ಎಂಬ ಉತ್ತರ. ಏನು ನೋಡಿದರು, ಏನು ಕಂಡಿತು, ಅದು ಮಾತ್ರ ಎಂದೂ ಹೇಳಿದವರಲ್ಲ.

ಎರಡು ವರ್ಷದ ಹಿಂದೆ ನಾವು ಡೀಸೆಲ್ ಲಾರಿ ಕೊಟ್ಟು ಕರೆಂಟಿನ ಲಾರಿ ತಂದೆವು. ಸಣ್ಣದಲ್ಲ, ಏಳು ಟನ್ ಹೊರುವಂಥದು. ಚಿತ್ತಾಪುರ, ಸೇಡಂ, ಚಿಂಚೋಳಿ, ನಮ್ಮ ಕಲ್ಲು ಹೋಗುವುದೆಲ್ಲ ಅದರಲ್ಲೇ. ಮನೆಯ ಪಕ್ಕದಲ್ಲಿ ಕಲ್ಲು ಪೇರಿಸುವ ಶೆಡ್ಡು ಇತ್ತಲ್ಲ, ಅದನ್ನೇ ಗ್ಯಾರೇಜು ಮಾಡಿ, ಅಲ್ಲೇ ಚಾರ್ಜಿಗೆ ಹಾಕುವುದೆಂದು ನಿಶ್ಚಯ. ಗೋಡೆ, ಚಾವಣಿ ಎಲ್ಲ ಪರ್ಸಿಯದೇ. ಬಾಗಿಲ ಮೇಲೆ ಒಂದು ಉದ್ದನೆಯ ಅಡ್ಡಗಲ್ಲು.

ಹೊಸ ಗಾಡಿ ಮನೆಗೆ ಖಾಲಿ ಬರಬಾರದು ಎನ್ನುವುದು ನಮ್ಮ ಕಲ್ಲಿನವರ ರೂಢಿ. ಹಾಗಾಗಿ ದಾರಿಯಲ್ಲೇ ಖಣಿಯಿಂದ ಪೂರ್ತಿ ಲೋಡು ಹಾಕಿಸಿಕೊಂಡು, ಹೂವಿನ ಹಾರ ಕಟ್ಟಿಕೊಂಡು ತಂದೆವು. ಬಾಗಿಲ ಮುಂದೆ ನಿಲ್ಲಿಸಿ ನಮ್ಮ ಮನೆಯವರು ಟೇಪು ಹಿಡಿದು ಎತ್ತರ ಅಳೆದರು. ಲೋಡಿಗೆ ಹೊದಿಸುವ ತಾಡಪತ್ರಿ ಕಟ್ಟುವ ಹಿಂದಿನ ಕಮಾನಿಗೂ ಅಡ್ಡಗಲ್ಲಿಗೂ ನಡುವೆ ಮೂರು ಬೆರಳು ಜಾಗ. ಸೈಕಲ್ ಮೇಲೆ ಒಂದು ಕಾಲೂರಿ ನಿಂತು ನೋಡುತ್ತಿದ್ದ ಚಾಚಾ, ಖಾಲಿ ಮಾಡಿ ಅಳೆಯಿರಿ ಎಂದರು. ಎರಡು ಸಲ ಹೇಳಿದರು. ಕರೆಂಟಿನ ಕೆಲಸ ನಿಮ್ಮದು, ಲಾರಿಯ ಕೆಲಸ ನಮ್ಮದು ಎಂದು ನಾನೇ ಬಾಯಿ ಮುಚ್ಚಿಸಿದೆ. ಲಾರಿ ಸರಾಗವಾಗಿ ಒಳಗೆ ಹೋಯಿತು, ಓಣಿಯವರೆಲ್ಲ ಚಪ್ಪಾಳೆ ಹೊಡೆದರು, ಪೇಢೆ ಹಂಚಿದೆ.

ಒಳಗೇ ಕಲ್ಲು ಇಳಿಸಿದೆವು. ಭಾರ ಇಳಿದದ್ದೇ ಕೆಳಗಿನ ಪಾಟಾ ಸ್ಪ್ರಿಂಗುಗಳು ಬಿಚ್ಚಿಕೊಂಡು ಲಾರಿ ನಾಲ್ಕು ಬೆರಳು ಮೇಲೆದ್ದಿತು. ಮರುದಿನ ಹಿಂದಕ್ಕೆ ತೆಗೆದರೆ ಕಮಾನು ಹೋಗಿ ಅಡ್ಡಗಲ್ಲಿಗೆ ಕಚ್ಚಿಕೊಂಡಿತು. ಹೊರಗೆ ಬರುವುದಿಲ್ಲ. ಇಳಿಸಿದ ಕಲ್ಲನ್ನೆಲ್ಲ ಮತ್ತೆ ಲೋಡು ಮಾಡಿದರೆ ಮಾತ್ರ ಬರುತ್ತದೆ. ಹಮಾಲರು ನಮ್ಮ ವಂಶಕ್ಕೆಲ್ಲ ಸೇರಿಸಿ ಬೈದುಕೊಳ್ಳುತ್ತ ಲೋಡು ಮಾಡಿದರು. ಚಾಚಾ ಬಂದು ಕಟ್ಟೆಯ ಮೇಲೆ ಕೂತು ಪೂರ್ತಿ ನೋಡಿದರು. ‘ನಾ ಹೇಳಿದ್ದೆ’ ಎಂದು ಒಂದು ಮಾತು ಅಂದಿದ್ದರೆ ನಾನೂ ಜಗಳ ಮಾಡಿ ಹಗುರಾಗುತ್ತಿದ್ದೆ. ಅನ್ನಲಿಲ್ಲ, ಅದೇ ನನಗೆ ಇನ್ನೂ ಉರಿಯಿತು. ಆಮೇಲೆ ಶೆಡ್ಡಿನ ನೆಲದ ಹಾಸುಗಲ್ಲು ಕಿತ್ತು, ಒಂದು ಗೇಣು ತಗ್ಗು ಮಾಡಿ, ಮತ್ತೆ ಹಾಸಿದೆವು.

ಇಷ್ಟಾದ ಮೇಲೆ ಚಾರ್ಜರ್ ಕೂಡಿಸುವ ಕೆಲಸ. ಮೂರು ಫೇಜಿನ ಲೈನು ಮಷೀನಿಗೆ ಮೊದಲೇ ಇತ್ತು, ಕರೆಂಟ್ ಆಫೀಸಿನವರು ಲೋಡು ಹೆಚ್ಚಿಸಿಕೊಟ್ಟರು. ಗೋಡೆಗೆ ಡಬ್ಬಿ ಬಡಿದು, ಮೊಣಕೈ ದಪ್ಪದ ಕೇಬಲ್ ಎಳೆದು ಚಾಚಾ ಎರಡೇ ದಿನದಲ್ಲಿ ಮುಗಿಸಿದರು. ನನಗೆ ಆಶ್ಚರ್ಯ. ಮೂರನೆಯ ದಿನ ನಮ್ಮನ್ನು ಕರೆದು, ಶೆಡ್ಡಿನ ಹಿಂದೆ ಎಂಟು ಫೂಟು ಗುಂಡಿ ತೋಡಬೇಕು, ಅರ್ಥಿಂಗಿಗೆ ಎಂದರು.

ಶಹಾಬಾದಿನಲ್ಲಿ ಎಂಟು ಫೂಟು! ಇಲ್ಲಿ ಒಂದು ಮೊಳ ಕೆರೆದರೆ ಬಂಡೆ. ಅದರ ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಮತ್ತೊಂದು. ಈ ಪದರಗಳನ್ನೇ ಎಬ್ಬಿಸಿ ಮಾರಿ ನಾವು ಅನ್ನ ಉಣ್ಣುವುದು. ಹಾರೆ, ಸುತ್ತಿಗೆ ಹಿಡಿದು ಇಬ್ಬರು ಖಣಿಯ ಆಳುಗಳು ಮೂರು ದಿನ ಬಡಿದರೂ ನಾಲ್ಕು ಫೂಟು ದಾಟಲಿಲ್ಲ. ಎದ್ದು ಬಂದ ಕಲ್ಲು ಚೆನ್ನಾಗಿದೆಯೆಂದು ನಮ್ಮ ಮನೆಯವರು ಅದನ್ನೂ ಪಾಲಿಶಿಗೆ ಒಯ್ದಿಟ್ಟರು. ಆ ನಾಲ್ಕು ಫೂಟಿಗೇ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ ಚಾಚಾ ತಮ್ಮ ಬಲ್ಬು ತೆಗೆದರು. ನೂರು ವಾಟಿನ ಹಳೇ ಬಲ್ಬು, ಎರಡು ವಾಯರು. ಒಂದು ತುದಿ ಫೇಜಿಗೆ, ಇನ್ನೊಂದು ಅರ್ಥಿಂಗಿನ ಪೈಪಿಗೆ. ಅರ್ಥಿಂಗು ಬರೋಬರಿ ಇದ್ದರೆ ಬಲ್ಬು ಬೆಳ್ಳಗೆ ಉರಿಯಬೇಕು. ನಮ್ಮದು ಆರುತ್ತಿರುವ ಕೆಂಡದ ಹಾಗೆ ಕೆಂಪಗೆ ಇತ್ತು, ಅಷ್ಟೇ. ಚಾರ್ಜರಿನ ಮೇಲೂ ಕೆಂಪು ದೀಪ. ಅದು ಚಾರ್ಜು ಮಾಡಲು ಒಪ್ಪಲಿಲ್ಲ.

ಹತ್ತಿದೆಯಲ್ಲ, ಸಾಕಲ್ಲ ಎಂದೆ ನಾನು.

“ಬಂದ ಕರೆಂಟಿಗಿ ಹೋಗ್ಲಿಕ್ಕ ದಾರಿ ಬೇಕು ಬೇಟಿ. ನೀ ದಾರಿ ಕೊಡಲಿಲ್ಲಂದ್ರ ಅದು ತನ್ನ ದಾರಿ ತಾನೇ ಹುಡಿಕ್ಯೋತದ. ಇನ್ನಾ ನಾಕು ಫೂಟ್ ತೋಡ್ಸು.”

ಆ ಹೊತ್ತಿಗೆ ನನ್ನ ಅವಸ್ಥೆ ಯಾರಿಗೂ ಬೇಡ. ಹಳೇ ಲಾರಿ ಇಲ್ಲ, ಹೊಸದರಲ್ಲಿ ಚಾರ್ಜಿಲ್ಲ. ಚಿತ್ತಾಪುರದ ಒಂದು ಶಾಲೆಗೆ ಹಾಸುಗಲ್ಲು ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಕಲ್ಲು ಹಾಸುವ ಗೌಂಡಿಗಳು ಬಂದು ಕೂತಿದ್ದಾರೆ, ಮಕ್ಕಳು ಮಣ್ಣಿನ ಮೇಲೆ ಕೂತಿದ್ದಾರೆ, ಹೆಡ್‌ಮಾಸ್ತರು ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದಾರೆ. ಇಲ್ಲಿ ಈ ಮುದುಕ ನೆಲದ ಪಾತಾಳ ನೋಡಬೇಕೆನ್ನುತ್ತಾರೆ. ನನ್ನ ಪಿತ್ತ ನೆತ್ತಿಗೇರಿತು. ಪಕ್ಕದ ಊರು ವಾಡಿಯಿಂದ ಇನ್ನೊಬ್ಬ ವಾಯರ್‌ಮನ್‌ನನ್ನು ಕರೆಸಿದೆ. ಅವನು ಬಂದ, ಬೋರ್ಡು ಬಿಚ್ಚಿದ, ಅರ್ಥಿಂಗಿನ ವಾಯರನ್ನು ಪೈಪಿನಿಂದ ಕಡಿದು, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿಗೆ ಕೂಡಿಸಿಬಿಟ್ಟ. ಚಾರ್ಜರಿಗೆ ಅರ್ಥಿಂಗ್ ಸಿಕ್ಕ ಹಾಗೆ ಕಂಡಿತು. ಹಸಿರು ದೀಪ ಬಂತು. ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಸಂಜೆ ಚಾಚಾ ಬಂದಾಗ, ನಿಮ್ಮ ಗುಂಡಿ ಬೇಕಾಗಿಲ್ಲ, ಕೆಲಸ ಆಯಿತು ಎಂದು ಬಾಗಿಲಲ್ಲೇ ಹೇಳಿದೆ. ಒಳಗೆ ಬಿಡಲಿಲ್ಲ. ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಸೈಕಲ್ ತಿರುಗಿಸಿಕೊಂಡು ಹೋದರು. ಹತ್ತು ಹನ್ನೊಂದು ದಿನ ಲಾರಿ ಚೆನ್ನಾಗಿ ಓಡಿತು. ಶಾಲೆಯ ಕಲ್ಲೂ ಮುಟ್ಟಿತು. ಇಷ್ಟು ದಿನ ಈ ಮನುಷ್ಯ ಸುಮ್ಮನೆ ನನ್ನ ಪ್ರಾಣ ತಿಂದರಲ್ಲ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದೆ.

ಆಮೇಲೆ ಒಂದು ದಿನ ಬೆಳಿಗ್ಗೆ ಜೋರು ಗಾಳಿ ಬೀಸಿತು. ಓಣಿಯ ಕೆಲವು ಮನೆಗಳಲ್ಲಿ ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು, ಕೆಲವು ಮನೆಗಳಲ್ಲಿ ದೀಪ ಮಂಕಾಯಿತು. ಎಲ್ಲರೂ ಚಾಚಾನನ್ನು ಕರೆಯಲು ಓಡಿದರು. ಫ್ಯಾನು, ದೀಪದ ಸುದ್ದಿ ಕೇಳಿದ್ದೇ ಅವರು ಯಾರ ಮನೆಗೂ ಹೋಗದೆ ನೇರ ನಮ್ಮ ಶೆಡ್ಡಿಗೆ ಬಂದರು. ಸೈಕಲ್ಲು ಬಾಗಿಲಲ್ಲೇ ಬಿದ್ದಿತ್ತು. ಒಳಗೆ ಲಾರಿ ಚಾರ್ಜಿಗೆ ಹಾಕಿದ್ದು ಹಾಕಿದಂತೆ ಇತ್ತು. ನಮ್ಮ ಮನೆಯವರು ಬರಿಗಾಲಲ್ಲಿ, ಕೈಯಲ್ಲಿ ನೀರಿನ ಪೈಪು ಹಿಡಿದು, ತೊಳೆಯುವುದಕ್ಕೆಂದು ಅದರ ಕಡೆ ಹೊರಟಿದ್ದರು.

“ಗಾಡಿಗಿ ಕೈ ಹಚ್ಚಬ್ಯಾಡ್ರಿ” ಎಂದರು ಚಾಚಾ. ದನಿ ಏರಿಸಲಿಲ್ಲ. ಆದರೆ ನಮ್ಮ ಮನೆಯವರು ನಿಂತಲ್ಲೇ ನಿಂತರು.

ಅಂಥ ಹೊತ್ತಿನಲ್ಲೂ ಹತ್ತು ಬೆರಳು ಒರೆಸಿಕೊಂಡರು. ಬಲ್ಬು ತೆಗೆದರು. ಒಂದು ವಾಯರು ಲಾರಿಯ ಬಾಗಿಲ ಕಬ್ಬಿಣಕ್ಕೆ, ಇನ್ನೊಂದು ಹಿಂದಿನ ಅರ್ಧ ಗುಂಡಿಯ ಪೈಪಿಗೆ ಹಚ್ಚಿದರು. ಬಲ್ಬು ಹತ್ತಿತು. ಅದೇ ಕೆಂಪು. ಗಾಳಿಗೆ ಕಂಬದ ಮೇಲೆ ನ್ಯೂಟ್ರಲ್ ತುಂಡಾಗಿತ್ತು. ವಾಪಸು ಹೋಗಲು ದಾರಿ ಇಲ್ಲದ ಕರೆಂಟು, ವಾಡಿಯವನು ಕೂಡಿಸಿದ ಆ ವಾಯರಿನ ಗುಂಟ ಇಡೀ ಲಾರಿಯ ಮೈಯಲ್ಲಿ ಬಂದು ನಿಂತಿತ್ತು.

“ಇಷ್ಟು ಕೆಂಪು ಸಾಕು ಬೇಟಿ, ಒಬ್ಬ ಮನಷ್ಯಾನ್ನ ಒಯ್ಲಿಕ್ಕ” ಎಂದು ಹೇಳಿ, ಹೋಗಿ ಮೇನ್ ಆಫ್ ಮಾಡಿದರು.

ನಮ್ಮ ಮನೆಯವರ ಕೈಗೂ ಲಾರಿಗೂ ನಡುವೆ ಎರಡು ಮಾರು ಇತ್ತೋ ಇಲ್ಲವೋ. ನಾನು ಆ ಒದ್ದೆ ನೆಲದ ಮೇಲೇ ಕೂತುಬಿಟ್ಟೆ. ಚಾಚಾ ನನ್ನ ಕಡೆ ನೋಡಲೂ ಇಲ್ಲ. ಬೋರ್ಡು ಬಿಚ್ಚಿ, ಆ ಕೂಡಿಸಿದ ವಾಯರನ್ನು ಕಿತ್ತು, ಅಂಗಿಯ ಜೇಬಿಗೆ ಹಾಕಿಕೊಂಡರು. ಆಳುಗಳು ಎಲ್ಲಿ ಎಂದು ಕೇಳಿದರು. ಅವತ್ತೇ ಮತ್ತೆ ಹಾರೆ ಬಿತ್ತು. ಎಂಟು ಫೂಟು ಆಗುವವರೆಗೆ ಅವರು ದಿನವೂ ಬಂದು ಗುಂಡಿಯ ಬಾಯಲ್ಲಿ ಕೂತರು. ಹೊಲದಿಂದ ಎರೆಮಣ್ಣು ತರಿಸಿ ತುಂಬಿಸಿದರು. ಕೊನೆಗೆ ಬಲ್ಬು ಬೆಳ್ಳಗೆ ಹತ್ತಿತು. ಚಾರ್ಜರ್ ಹಸಿರಾಯಿತು. ನಾನು ಶರಣ್ರಿ ಎನ್ನಬೇಕಿತ್ತು, ಕಾಲಿಗೆ ಬೀಳಬೇಕಿತ್ತು. ಅಂದದ್ದು ಮಾತ್ರ, ಇನ್ನಾದರೂ ನಮ್ಮನ್ನು ಬಿಡುತ್ತೀರಾ ಇಲ್ಲವಾ ಎಂದು.

ಬಿಡಲಿಲ್ಲ. ಸುತ್ತ ಎಲ್ಲ ಕಲ್ಲು, ಹಸಿ ಹಿಡಿಯುವುದಿಲ್ಲ. ಮಣ್ಣು ಒಣಗಿದರೆ ಅರ್ಥಿಂಗ್ ಸತ್ತ ಹಾಗೆ. ಅದಕ್ಕೆ ಗುಂಡಿಗೆ ದಿನವೂ ಎರಡು ಕೊಡ ನೀರು ಹಾಕಬೇಕು ಎಂದು ಅಪ್ಪಣೆ ಮಾಡಿದರು. ಬೇಸಿಗೆಯಲ್ಲಿ ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವ ಊರಿನಲ್ಲಿ ನೆಲಕ್ಕೆ ಎರಡು ಕೊಡ! ಮೊದಮೊದಲು ತಾವೇ ಬಂದು ನೋಡುತ್ತಿದ್ದರು. ದಮ್ಮು ಹೆಚ್ಚಾಗಿ ಸೈಕಲ್ಲು ಬಿಟ್ಟ ಮೇಲೆ ಫೋನು ಶುರುವಾಯಿತು. ಹಲೋ ಇಲ್ಲ, ಆರಾಮ ಇದ್ದೀರಾ ಇಲ್ಲ, ಫೋನೆತ್ತಿದ ಕೂಡಲೇ ನೀರು ಹಾಕಿದಿಯಾ. ನೆಂಟರ ಮನೆಯಲ್ಲಿ ಉಣ್ಣಲು ಕೂತಾಗ, ಗಿರಾಕಿಯೊಡನೆ ವಾದಕ್ಕೆ ನಿಂತಾಗ, ಅದೇ ಒಂದು ಪ್ರಶ್ನೆ. ಎಷ್ಟೋ ಸಲ ಅವರ ಹೆಸರು ಕಂಡು ಫೋನನ್ನು ದಿಂಬಿನ ಕೆಳಗೆ ಒತ್ತಿಟ್ಟಿದ್ದೇನೆ.

ಈ ವರ್ಷದ ಬೇಸಿಗೆಯಲ್ಲಿ ಅವರನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ನೋಡಿ ಬರಬೇಕು ಎಂದುಕೊಂಡೆ, ಸೇಡಂ ಲೋಡಿನ ಗಡಿಬಿಡಿಯಲ್ಲಿ ಆಗಲಿಲ್ಲ. ಒಂದು ಮಧ್ಯಾಹ್ನ, ಹಮಾಲರು ಕಲ್ಲು ಏರಿಸುತ್ತಿರುವಾಗ ಫೋನು ಬಂತು. ಉಸಿರು ಎಳೆದು ಎಳೆದು ಮಾತು.

“ನೀರ್ ಹಾಕಿದಿ?”

“ಹಾಕೀನ್ರಿ ಚಾಚಾ, ಎರಡು ಕೊಡ.”

“ಬರೋಬರಿ ಆಯ್ತು” ಎಂದರು. ಫೋನು ಕಟ್ಟಾಯಿತು. ಆ ವಾರವಿಡೀ ನಾನು ಗುಂಡಿಗೆ ಒಂದು ತಂಬಿಗೆ ನೀರೂ ಹಾಕಿರಲಿಲ್ಲ.

ಮರುದಿನ ಮುಂಜಾನೆ ಸುದ್ದಿ ಬಂತು. ನಾನು ಅವರ ಮನೆಗೆ ಹೋದಾಗ ಗಂಡಸರೆಲ್ಲ ಖಬರಸ್ತಾನಕ್ಕೆ ಹೋಗಿದ್ದರು. ಚಾಚಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಕೊನೆಯ ಫೋನು ಮಾಡಿದ್ದು ನನಗೇ ಅಂತೆ.

“ಫೋನ್ ಇಟ್ಟ ಮ್ಯಾಗ, ಆ ಮನೀದು ಇನ್ನ ಫಿಕರ್ ಇಲ್ಲ, ಹುಡುಗಿ ನೀರು ಹಾಕ್ಲಿಕತ್ಯಾಳ ಅಂದ್ರು” ಎಂದು ಚಾಚಿ ಹೇಳಿದರು. “ಆಮ್ಯಾಗ ಆರಾಮ್ ಮಕ್ಕೊಂಡ್ರವ್ವ.”

ಮನೆಗೆ ಬಂದು ಶೆಡ್ಡಿನ ಹಿಂದೆ ಹೋದೆ. ಎರೆಮಣ್ಣು ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಕುಡಿಯಲು ತುಂಬಿಟ್ಟ ಕೊಡಗಳನ್ನೇ ತಂದು ಸುರಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಚಾಚಿ ಸಿಕ್ಕಾಗಲೆಲ್ಲ ಆ ಮಾತನ್ನು ಎತ್ತುತ್ತಾರೆ, ಅವರು ನೆಮ್ಮದಿಯಿಂದ ಹೋದರು ಎನ್ನುತ್ತಾರೆ. ಅವತ್ತು ನಾನು ನೀರು ಹಾಕಿರಲಿಲ್ಲ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.