ಎದೆಯ ಎಕ್ಸ್-ರೇ, ಎರಡು ವ್ಯೂ

ಫ್ರೆಂಡ್ಸ್, ಇವತ್ತು ಬಿಲ್ಲಿಂಗ್ ಕೌಂಟರಿನ ಮುಂದೆ ನನ್ನ ಜೀವ ಬಾಯಿಗೆ ಬಂದಿತ್ತು.

ವಾರದಿಂದ ಕೆಮ್ಮುತ್ತಿರುವ ಮಗನನ್ನು ಗಾಳಿಬೀಡಿನಿಂದ ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಇನ್ನೂ ಎಂಟು ತಿಂಗಳ ಕೂಸು. ಡಾಕ್ಟರ್ "ಎದುರಿಂದ ಒಂದು ಎಕ್ಸ್-ರೇ ಸಾಕು" ಅಂದಿದ್ದರು. ಬಿಲ್ಲಿನಲ್ಲಿ ನೋಡಿದರೆ "ಎದೆ, ಎರಡು ವ್ಯೂ" ಅಂತಿದೆ. ಅಂದರೆ ಎದುರಿಂದ ಒಂದು, ಪಕ್ಕದಿಂದ ಇನ್ನೊಂದು.

ಮಗುವಿನ ಕೈ ಹಿಡಿದುಕೊಂಡಿದ್ದವಳು ನಾನೇ. ಎರಡು ಸಲ ತೆಗೆದದ್ದು ಗೊತ್ತು. ಆದರೆ ನಿದ್ದೆಗೆಟ್ಟ ಗಾಬರಿಯಲ್ಲಿ ಅವನು ಹೇಗೆ ಮಲಗಿದ್ದ ಅಂತಲೇ ನೆನಪಾಗಲಿಲ್ಲ. ಏನೋ ಕಂಡಿದೆ, ನನಗೆ ಹೇಳುತ್ತಿಲ್ಲ ಅನ್ನಿಸಿತು.

"ಪಕ್ಕದಿಂದ ಯಾಕೆ ತೆಗೆದ್ರಿ? ಏನಿದೆ ಅವನಿಗೆ?" ಅಂದೆ.

"ನಂಗೇನು ಗೊತ್ತು ಮೇಡಂ. ಎರಡು ಸಲ ತೆಗ್ದಿದಾರೆ, ಎರಡು ವ್ಯೂ ಕೋಡ್ ಹಾಕ್ದೆ," ಅಂದಳು ಕೌಂಟರಿನ ಹುಡುಗಿ.

ನನ್ನ ದನಿ ಕೇಳಿ ಎಕ್ಸ್-ರೇ ಟೆಕ್ನಿಶಿಯನ್ ಹೊರಗೆ ಬಂದರು. "ಎರಡೂ ಎದುರಿಂದಲೇ ಅಕ್ಕಾ. ಕೂಸಿಗೆ ಉಸಿರು ಎಳ್ಕೋ ಅಂತ ಹೇಳಕ್ಕಾಗುತ್ತಾ? ಅತ್ತು ಉಸಿರು ಎಳೆದಾಗ ತೆಗೀಬೇಕು. ಮೊದಲ್ನೇ ಸಲ ನೀವು ಜೋಜೋ ಹಾಡಿ ಮಲಗಿಸ್ಬಿಟ್ರಿ, ಚಿತ್ರ ಸರಿ ಬರ್ಲಿಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿ, "ಒಂದೇ ವ್ಯೂ ಮಾರಾಯ್ತಿ, ಕೋಡ್ ಬದಲಾಯಿಸು" ಅಂದರು.

ಡಾಕ್ಟರ್ ಚಿತ್ರ ನೋಡಿ, ಬರೀ ಕಫ, ಶ್ವಾಸಕೋಶ ಚೆನ್ನಾಗಿದೆ ಅಂದರು. ಈಗ ನನಗೂ ಉಸಿರು ಬಂತು.

ವಾರವಿಡೀ ರಾತ್ರಿ ಎಷ್ಟು ಜೋಜೋ ಹಾಡಿದರೂ ಕಣ್ಣು ಮುಚ್ಚದವನು, ಅಳಲೇಬೇಕಾದ ಆ ಒಂದು ನಿಮಿಷದಲ್ಲಿ ಅಮ್ಮನ ಮಾತು ಕೇಳಿದ್ದಾನೆ.